ಯಂತ್ರವನ್ನೇ ಕೇಳಿ: ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರ ಪ್ರಶ್ನೆಗಳು

ಲ್ಯಾಪ್‌ಟಾಪ್ ದುರಸ್ತಿ ಮಾಡುವವಳಿಗೆ ಬರುವ ಪತ್ರಗಳಲ್ಲಿ ಹೆಚ್ಚಿನವು 'ಕೆಟ್ಟಿದೆ, ಏನು ಮಾಡಲಿ' ಎಂಬವು. ಈ ಸಲ 'ಕೊಳ್ಳಲೇ, ಬೇಡವೇ' ಎಂದು ಕೇಳಿದವರೇ ಜಾಸ್ತಿ. ಹಾಗಾಗಿ ಈ ಸಂಚಿಕೆ ಪೂರ್ತಿ ಅವರಿಗೇ. ಪತ್ರಗಳನ್ನು ಮೊಟಕುಗೊಳಿಸಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ಮಗಳು ಈ ವರ್ಷ ಕಾಲೇಜು ಸೇರುತ್ತಿದ್ದಾಳೆ. ಹೊಸ ಲ್ಯಾಪ್‌ಟಾಪ್ ಕೊಡಿಸುವ ಶಕ್ತಿ ಸದ್ಯಕ್ಕಿಲ್ಲ. ಆನ್‌ಲೈನ್‌ನಲ್ಲಿ ಒಂದು ಜಾಹೀರಾತು ನೋಡಿದೆ: 'ಐ7 ಲ್ಯಾಪ್‌ಟಾಪ್, 16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ, ಹೊಸದರಂತೆಯೇ ಇದೆ, ತುರ್ತು ಮಾರಾಟ.' ಬೆಲೆ ಹೊಸದರ ಕಾಲುಭಾಗವೂ ಇಲ್ಲ. ಮಾರುವವರು ತಮಗೆ ವರ್ಗವಾಗಿದೆ, ಅರ್ಧ ಹಣ ಮುಂಗಡ ಕಳಿಸಿದರೆ ಕೊರಿಯರ್ ಮಾಡುತ್ತೇನೆ, ಇನ್ನಿಬ್ಬರು ಕೇಳುತ್ತಿದ್ದಾರೆ ಎನ್ನುತ್ತಾರೆ. ಗುರುತಿನ ಚೀಟಿಯ ಫೋಟೋವನ್ನೂ ಕಳಿಸಿದ್ದಾರೆ. ಮಾತು ಬಹಳ ಸಭ್ಯವಾಗಿದೆ. ಜಾಹೀರಾತಿನಲ್ಲಿದ್ದ ಮೂರು ಫೋಟೋಗಳನ್ನು ಜೊತೆಗೆ ಇಟ್ಟಿದ್ದೇನೆ. ನಂಬಬಹುದೇ?

ಉತ್ತರ: ಮುಂಗಡ ಕಳಿಸಬೇಡಿ. ಉಳಿದದ್ದನ್ನು ನೀವು ಓದಿ ಮುಗಿಸುವಷ್ಟರಲ್ಲಿ ಅವರಿಂದ ಇನ್ನೊಂದು ಫೋನ್ ಬಂದಿರುತ್ತದೆ, ಅದಕ್ಕೇ ಇದನ್ನು ಮೊದಲು ಹೇಳಿಬಿಟ್ಟೆ. ಅಪರಿಚಿತರ ಖಾತೆಗೆ ನೇರವಾಗಿ ಹಾಕಿದ ಹಣ ಹಿಂದಿರುಗುವುದು ಅವರಿಗೆ ಮನಸ್ಸಿದ್ದರೆ ಮಾತ್ರ. ಜಾಹೀರಾತು ಹಾಕಿದ ತಾಣದಲ್ಲೇ ಹಣ ಕಟ್ಟಿ, ವಸ್ತು ನಿಮ್ಮ ಕೈಸೇರಿದ ಮೇಲೆ ಅದು ಮಾರುವವರಿಗೆ ಬಿಡುಗಡೆಯಾಗುವ ವ್ಯವಸ್ಥೆ ಇದ್ದರೆ ಅದು ಬೇರೆ ಮಾತು. 'ತಾಣದ ಹೊರಗೆ ಕೊಟ್ಟರೆ ಇನ್ನಷ್ಟು ಕಡಿಮೆ ಮಾಡುತ್ತೇನೆ' ಎಂಬ ಮಾತಿಗೆ ಒಪ್ಪಿದಿರೋ, ಆ ರಕ್ಷಣೆ ಹೋಯಿತು.

ವರ್ಗಾವಣೆ, ತುರ್ತು, ಇನ್ನಿಬ್ಬರು ಗಿರಾಕಿಗಳು ಎಲ್ಲವೂ ನಿಜವೇ ಇರಬಹುದು. ಜನರಿಗೆ ವರ್ಗವಾಗುವುದು ಉಂಟು. ಆದರೆ ಆ ಮಾತುಗಳೆಲ್ಲ ಸೇರಿ ನಿಮಗೆ ಯೋಚಿಸಲು ಪುರುಸೊತ್ತು ಕೊಡದಂತೆ ಮಾಡುತ್ತಿವೆ, ಅದನ್ನು ಗಮನಿಸಿ. ಗುರುತಿನ ಚೀಟಿಯ ಫೋಟೋದಿಂದ ಸಮಾಧಾನಪಟ್ಟುಕೊಳ್ಳಬೇಡಿ. ಹಿಂದೆ ಮೋಸಹೋದ ಯಾರೋ ಕಳಿಸಿದ ಚೀಟಿಯನ್ನೇ ಮುಂದಿನವರಿಗೆ ತೋರಿಸುವುದು ಈ ದಂಧೆಯವರಿಗೆ ರೂಢಿ. ಹಾಗೆಯೇ ನಿಮ್ಮ ಚೀಟಿಯನ್ನು ಅವರು ಕೇಳಿದರೂ ಕೊಡಬೇಡಿ.

ಇನ್ನು ಫೋಟೋಗಳು. ಮೊದಲನೆಯದು ಕಂಪನಿಯ ಪ್ರಚಾರ ಚಿತ್ರ: ಬಿಳಿ ಹಿನ್ನೆಲೆ, ನೆರಳಿಲ್ಲ, ಒಂದು ಬೆರಳಚ್ಚೂ ಇಲ್ಲ. ಅದು ತಪ್ಪೇನಲ್ಲ, ಸೋಮಾರಿಗಳೂ ಹಾಗೆ ಹಾಕುತ್ತಾರೆ. ಎರಡನೆಯದರಲ್ಲಿ ಲ್ಯಾಪ್‌ಟಾಪ್ ಮರದ ಮೇಜಿನ ಮೇಲಿದೆ, ಕೀಬೋರ್ಡಿನ ಬಲತುದಿಯಲ್ಲಿ ಎಂಟರ್ ಕೀಲಿ, ಅದರಾಚೆ ಏನೂ ಇಲ್ಲ. ಮೂರನೆಯದನ್ನು ನೋಡಿ. ಎಂಟರ್ ಕೀಲಿಯ ಆಚೆ ಅಂಕಿಗಳ ಪ್ರತ್ಯೇಕ ಕಟ್ಟು ಇದೆ: 7, 8, 9, ಅದರ ಕೆಳಗೆ 4, 5, 6. ಒಂದೇ ಲ್ಯಾಪ್‌ಟಾಪಿಗೆ ಎರಡು ಕೀಬೋರ್ಡ್ ಇರುವುದಿಲ್ಲ. ಎರಡು ಬೇರೆ ಬೇರೆ ಜಾಹೀರಾತುಗಳಿಂದ ಎತ್ತಿಕೊಂಡ ಚಿತ್ರಗಳಿವು. ಗೂಗಲ್ ಲೆನ್ಸ್‌ನಂಥ ಚಿತ್ರ ಹುಡುಕುವ ಸೌಲಭ್ಯಕ್ಕೆ ಇವನ್ನು ಕೊಟ್ಟು ನೋಡಿ, ಅಸಲಿ ಜಾಹೀರಾತುಗಳೇ ಸಿಕ್ಕರೂ ಸಿಗಬಹುದು. ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ: ನಂಬಬೇಡಿ, ಬಿಟ್ಟುಬಿಡಿ.

ಆದರೆ ಮಗಳಿಗೆ ಲ್ಯಾಪ್‌ಟಾಪ್ ಬೇಕಲ್ಲ. ಹಾಗಾಗಿ ಮುಂದಿನ ಜಾಹೀರಾತನ್ನು ಹೇಗೆ ಓದಬೇಕೆಂದು ಹೇಳುತ್ತೇನೆ.

'ಐ7' ಎಂದು ಬರೆದವರಿಗೆ ಎರಡನೇ ಪ್ರಶ್ನೆ ಕೇಳಲೇಬೇಕು: ಯಾವ ಐ7? ಐ7, ಐ5 ಎಂಬವು ಇಂಟೆಲ್ ಕಂಪನಿಯ ಪ್ರೊಸೆಸರ್‌ಗಳ, ಅಂದರೆ ಲೆಕ್ಕ ಮಾಡುವ ಮುಖ್ಯ ಚಿಪ್‌ಗಳ ಹೆಸರು. ಆ ಹೆಸರುಗಳಲ್ಲಿ ವಿಷಯ ಇರುವುದು ಅಡ್ಡಗೆರೆಯ ನಂತರದ ಅಂಕಿಗಳಲ್ಲಿ. ಐ7-3520ಎಂ ಎಂದರೆ ಮೂರನೇ ಪೀಳಿಗೆ, 2012ರದು, ಒಳಗೆ ಎರಡೇ ಕೋರ್ (ಲೆಕ್ಕ ಮಾಡುವ ಘಟಕ). ಐ5-8250ಯು ಎಂದರೆ ಎಂಟನೇ ಪೀಳಿಗೆ, 2017ರದು, ನಾಲ್ಕು ಕೋರ್. ಹೆಸರಿನಲ್ಲಿ ಕಿರಿಯದಾದ ಈ ಐ5 ಆ ಐ7ನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಅಂಕಿ 1ರಿಂದ ಶುರುವಾದರೆ ಮೊದಲ ಎರಡನ್ನು ಸೇರಿಸಿ ಓದಿ: 10210ಯು ಹತ್ತನೆಯದು, 1135ಜಿ7 ಹನ್ನೊಂದನೆಯದು. ಪೂರ್ತಿ ಸಂಖ್ಯೆ ಕೇಳಿದಾಗ 'ಐ7 ಅಂದೆನಲ್ಲ, ಟಾಪ್ ಮಾಡೆಲ್' ಎಂದವರ ಬಳಿ ಮಾತು ಮುಂದುವರಿಸುವ ಅಗತ್ಯವಿಲ್ಲ.

ಈ ಎಂಟನೇ ಪೀಳಿಗೆಯನ್ನು ನಾನು ಗಡಿಯಾಗಿ ಇಟ್ಟುಕೊಳ್ಳುವುದಕ್ಕೆ ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿತು. ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗಳ ತಾತ್ಕಾಲಿಕ ಯೋಜನೆಯೊಂದನ್ನು ಬಿಟ್ಟರೆ ಆ ಕತೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಅದಕ್ಕಿಂತ ಹಳೆಯ ಯಂತ್ರಗಳೆಲ್ಲ ಈಗ ಒಟ್ಟಿಗೆ ಮಾರುಕಟ್ಟೆಗೆ ಬಂದು ಬಿದ್ದಿವೆ. ಅಗ್ಗವಾಗಿರುವುದರ ಗುಟ್ಟು ಎಷ್ಟೋ ಕಡೆ ಇದೇ, ಅದರಲ್ಲಿ ಮೋಸವೂ ಇಲ್ಲ. ಮೋಸ ಶುರುವಾಗುವುದು ಅಡ್ಡದಾರಿಯಲ್ಲಿ ವಿಂಡೋಸ್ 11 ತುರುಕಿ 'ಲೇಟೆಸ್ಟ್ ವಿಂಡೋಸ್ ಇದೆ' ಎಂದು ಮಾರಿದಾಗ. ಅಂಥ ಯಂತ್ರಕ್ಕೆ ಮುಂದೆ ಅಪ್‌ಡೇಟ್ ಬಂದೇ ಬರುತ್ತದೆ ಎನ್ನುವ ಖಾತರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಬಲ್ಲವರು ಮನೆಯಲ್ಲಿದ್ದರೆ ಹಳೆಯದು ಧಾರಾಳವಾಗಿ ಸಾಕು. ಇಲ್ಲದಿದ್ದರೆ ಅಗ್ಗಕ್ಕೆ ಮರುಳಾಗಬೇಡಿ.

ಸಂಖ್ಯೆ ಸರಿಯಿದೆ ಎಂದಾದ ಮೇಲೆ, ಮನೆ ಬಿಟ್ಟು ಹೊರಡುವ ಮೊದಲು, ಮಾರುವವರಿಂದ ಒಂದೇ ಒಂದು ಫೋಟೋ ಕೇಳಿ: ಬ್ಯಾಟರಿ ವರದಿಯದು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ 'ಪವರ್‌ಸಿಎಫ್‌ಜಿ' ಎಂದು ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ (/) ಹಾಕಿ, 'ಬ್ಯಾಟರಿರಿಪೋರ್ಟ್' ಎಂದು ಒಂದೇ ಪದವಾಗಿ ಬರೆದು ಎಂಟರ್ ಒತ್ತಿದರೆ ವರದಿ ಸಿದ್ಧ. ಅದು ಎಲ್ಲಿ ಉಳಿದಿದೆ ಎಂಬುದೂ ಪರದೆಯ ಮೇಲೆ ಬರುತ್ತದೆ. ನನಗೆ ಈ ವರದಿಯ ಮೇಲೆ ಪ್ರೀತಿ ಜಾಸ್ತಿ, ಏಕೆಂದರೆ ಕೇಳಿದ್ದು ಬ್ಯಾಟರಿಯ ವಿಷಯವಾದರೂ ಅದು ಬೇರೆ ವಿಷಯಗಳನ್ನೂ ಬಾಯಿಬಿಡುತ್ತದೆ. ಮೇಲ್ಭಾಗದಲ್ಲಿ ಯಂತ್ರದ ಮಾಡೆಲ್ ಹೆಸರು ಇರುತ್ತದೆ, ವರದಿ ತೆಗೆದ ದಿನಾಂಕ, ಸಮಯ ಇರುತ್ತದೆ. ನೀವು ಕೇಳಿದ ಹೊತ್ತಿಗೇ ತೆಗೆದದ್ದೇ, ಜಾಹೀರಾತಿನ ಮಾಡೆಲೇ ಅದು ಎಂಬುದು ಅಲ್ಲಿಗೆ ಗೊತ್ತಾಯಿತು.

ಕೆಳಗೆ ಮೂರು ಸಾಲು ನೋಡಿ. ಡಿಸೈನ್ ಕೆಪ್ಯಾಸಿಟಿ ಎಂದರೆ ಕಾರ್ಖಾನೆಯಿಂದ ಬಂದಾಗ ಎಷ್ಟು ಹಿಡಿಯುತ್ತಿತ್ತು ಎಂಬುದು, ಫುಲ್ ಚಾರ್ಜ್ ಕೆಪ್ಯಾಸಿಟಿ ಎಂದರೆ ಈಗ ಎಷ್ಟು ಹಿಡಿಯುತ್ತದೆ ಎಂಬುದು, ಸೈಕಲ್ ಕೌಂಟ್ ಎಂದರೆ ಎಷ್ಟು ಸಲ ಪೂರ್ತಿ ಖಾಲಿಯಾಗಿ ತುಂಬಿದಷ್ಟು ಬಳಕೆಯಾಗಿದೆ ಎಂಬ ಲೆಕ್ಕ. ಉದಾಹರಣೆಗೆ ಮೊದಲನೆಯದು 50,000 ಇದ್ದು ಎರಡನೆಯದು 31,000 ಇದ್ದರೆ ಉಳಿದಿರುವುದು ನೂರಕ್ಕೆ 62 ಪಾಲು. ಅದು ಬೇಡವೆನ್ನಲು ಕಾರಣವಲ್ಲ, ಚೌಕಾಸಿಗೆ ಕಾರಣ. ಬದಲಿ ಬ್ಯಾಟರಿಯ ಬೆಲೆ ವಿಚಾರಿಸಿ, ಅಷ್ಟನ್ನು ಕಳೆದು ಕೇಳಿ. ಎರಡೂ ಸಂಖ್ಯೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಇದ್ದು, ಯಂತ್ರ ಮಾತ್ರ ಐದಾರು ವರ್ಷ ಹಳೆಯದಾಗಿದ್ದರೆ ಬ್ಯಾಟರಿ ಬದಲಾಗಿರುವ ಸಂಭವ ಹೆಚ್ಚು. ಬದಲಾದದ್ದು ಅಸಲಿಯೇ ನಕಲಿಯೇ ಎಂದು ಆಗ ಕೇಳಬೇಕಾಗುತ್ತದೆ. ವರದಿಯ ಕೊನೆಯ ಕಡೆ ಹಿಂದಿನ ವಾರ ತಿಂಗಳುಗಳ ದಾಖಲೆಯೂ ಇರುತ್ತದೆ. ನಿನ್ನೆ ಮೊನ್ನೆ ವಿಂಡೋಸ್ ಹೊಸದಾಗಿ ಹಾಕಿದ್ದರೆ ಆ ಪಟ್ಟಿ ಮೊಟಕಾಗಿರುತ್ತದೆ. ಮಾರುವ ಮುಂಚೆ ಶುಚಿ ಮಾಡುವುದು ಒಳ್ಳೆಯ ಅಭ್ಯಾಸವೇ. ಆದರೆ 'ಎಂದೂ ಫಾರ್ಮ್ಯಾಟ್ ಮಾಡಿಲ್ಲ, ನನ್ನ ಫೈಲುಗಳೆಲ್ಲ ಹಾಗೇ ಇವೆ' ಎನ್ನುವವರ ವರದಿ ಹೀಗಿದ್ದರೆ ಮಾತಿಗೂ ದಾಖಲೆಗೂ ತಾಳೆಯಾಗುವುದಿಲ್ಲ.

ಈ ಫೋಟೋ ಕೇಳುವುದರಲ್ಲಿ ಇನ್ನೊಂದು ಲಾಭವಿದೆ. ಯಂತ್ರ ಕೈಯಲ್ಲಿಲ್ಲದವರು ಇದನ್ನು ಕೊಡಲಾರರು. 'ನನಗೆ ಅದೆಲ್ಲ ಗೊತ್ತಾಗುವುದಿಲ್ಲ' ಎನ್ನುವವರು ಮೋಸಗಾರರೇ ಆಗಬೇಕಿಲ್ಲ, ವಯಸ್ಸಾದವರಿರಬಹುದು. ಅಂಥವರು 'ನೀವೇ ಬಂದು ನೋಡಿಕೊಳ್ಳಿ' ಎನ್ನುತ್ತಾರೆ. ಫೋಟೋವೂ ಇಲ್ಲ, ಬರುವುದೂ ಬೇಡ ಎಂದರೆ ಅಲ್ಲಿಗೆ ಮುಗಿಯಿತು.

ಪ್ರಶ್ನೆ: ಮಾರುವವರು ನೋಡಲು ಕರೆದಿದ್ದಾರೆ. ಅರ್ಧ ಗಂಟೆ ಸಿಗಬಹುದು. ನಾನು ಕಂಪ್ಯೂಟರ್ ಓದಿದವನಲ್ಲ. ಏನೇನು ನೋಡಲಿ?

ಉತ್ತರ: ಜನ ಓಡಾಡುವ ಜಾಗ, ಹಗಲು ಹೊತ್ತು, ಪ್ಲಗ್ ಪಾಯಿಂಟ್ ಮತ್ತು ವೈ-ಫೈ ಇರುವ ಕಡೆ. ಕೈಯಲ್ಲಿ ಒಂದು ಪೆನ್‌ಡ್ರೈವ್, ಒಂದು ಇಯರ್‌ಫೋನ್ ಇರಲಿ.

ಆಫ್ ಆಗಿರುವ ಯಂತ್ರವನ್ನೇ ಕೇಳಿ. ಮುಂಚೆಯೇ ಆನ್ ಮಾಡಿ, ಪರದೆ ಬೆಳಗಿಸಿ ಇಟ್ಟಿದ್ದರೆ ಒಮ್ಮೆ ಪೂರ್ತಿ ಬಂದ್ ಮಾಡಿಸಿ. ಮೊದಲು ಮಗುಚಿ ನೋಡಿ. ತಳದ ಸ್ಕ್ರೂಗಳೆಲ್ಲ ಇವೆಯೇ, ಒಂದೇ ಥರದವೇ, ತಲೆ ಸವೆದಿದೆಯೇ? ಬಿಚ್ಚಿದ್ದು ಅಪರಾಧವಲ್ಲ, ಬಿಚ್ಚಿದ್ದಕ್ಕೆ ಕಾರಣ ಹೇಳಬೇಕು ಅಷ್ಟೇ. ಮೇಜಿನ ಮೇಲಿಟ್ಟಾಗ ನಾಲ್ಕು ಮೂಲೆಯೂ ಕೂರುತ್ತದೆಯೇ? ಮುಚ್ಚಳವನ್ನು ಒಂದು ಮೂಲೆ ಹಿಡಿದು ನಿಧಾನವಾಗಿ ಎತ್ತಿ. ಹಿಂಜ್ ಹತ್ತಿರ ಕಟಕಟ ಸದ್ದು ಬಂದರೆ, ಅಥವಾ ಅಲ್ಲಿ ಪ್ಲಾಸ್ಟಿಕ್ ಬಾಯಿಬಿಟ್ಟಿದ್ದರೆ, ನನ್ನಂಥವರಿಗೆ ಕೆಲಸ ಕಾದಿದೆ ಎಂದರ್ಥ. ಯುಎಸ್‌ಬಿ ಕಿಂಡಿಗಳ ಒಳಗೆ ಮೊಬೈಲ್ ಟಾರ್ಚ್ ಹಿಡಿಯಿರಿ. ಲೋಹದ ಮೇಲೆ ಹಸಿರು ಅಥವಾ ಬಿಳಿ ಹುಡಿ ಕಂಡರೆ ನೀರೋ ಮತ್ತೇನೋ ಒಳಗೆ ಇಳಿದಿದೆ. ನೀರು ಬಿದ್ದ ಲ್ಯಾಪ್‌ಟಾಪ್ ಇವತ್ತು ಚೆನ್ನಾಗಿ ಓಡುತ್ತದೆ, ಮುಂದಿನ ತಿಂಗಳು ಏನೆಂದು ಯಾರೂ ಹೇಳಲಾರರು. ಅದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ನಾನು ಮುಟ್ಟುವುದಿಲ್ಲ.

ಆನ್ ಮಾಡುವಾಗ ವಿಂಡೋಸ್‌ಗೆ ಹೋಗಲು ಬಿಡದೆ ಬಯಾಸ್‌ಗೆ, ಅಂದರೆ ವಿಂಡೋಸ್‌ಗೂ ಮೊದಲು ತೆರೆಯುವ ಯಂತ್ರದ ಮೂಲ ಸೆಟ್ಟಿಂಗ್‌ಗಳ ಪುಟಕ್ಕೆ ಹೋಗಿ. ಡೆಲ್ ಆದರೆ ಸಾಮಾನ್ಯವಾಗಿ ಎಫ್2, ಎಚ್‌ಪಿ ಆದರೆ ಎಫ್10, ಥಿಂಕ್‌ಪ್ಯಾಡ್ ಆದರೆ ಎಫ್1 ಕೀಲಿಯನ್ನು ಆನ್ ಆಗುತ್ತಿರುವಾಗ ತಟ್ಟುತ್ತಿರಬೇಕು. ಅಲ್ಲಿ ಪಾಸ್‌ವರ್ಡ್ ಕೇಳಿತೋ, ಮಾರುವವರೇ ಹಾಕಿ ತೆಗೆದುಹಾಕಲಿ. 'ನೆನಪಿಲ್ಲ, ಅದೇನೂ ಬೇಕಾಗುವುದಿಲ್ಲ' ಎಂದರೆ ನಮಸ್ಕಾರ ಹೇಳಿ ಎದ್ದು ಬನ್ನಿ. ಎಷ್ಟೋ ಮಾಡೆಲ್‌ಗಳಲ್ಲಿ ಆ ಪಾಸ್‌ವರ್ಡ್ ತೆಗೆಯಲು ಮದರ್‌ಬೋರ್ಡನ್ನೇ ಬದಲಿಸಬೇಕಾಗುತ್ತದೆ.

ಪಾಸ್‌ವರ್ಡ್ ಇಲ್ಲದಿದ್ದರೆ ಆ ಪುಟದಲ್ಲೇ ಪ್ರೊಸೆಸರ್ ಹೆಸರು, ರ್‍ಯಾಮ್, ಸೀರಿಯಲ್ ನಂಬರ್ ಓದಿಕೊಳ್ಳಿ. ವಿಂಡೋಸ್ ತೋರಿಸುವ ಪ್ರೊಸೆಸರ್ ಹೆಸರನ್ನು ಅದರ ಒಳಗಿನ ಸೆಟ್ಟಿಂಗ್‌ಗಳ ದಾಖಲೆಯಾದ ರಿಜಿಸ್ಟ್ರಿಯಲ್ಲಿ ತಿದ್ದಿಡಬಹುದು, ಮೂರನೇ ಪೀಳಿಗೆಯ ಯಂತ್ರದ ಮೇಲೆ ಎಂಟನೇ ಪೀಳಿಗೆಯ ಸ್ಟಿಕ್ಕರ್ ಅಂಟಿಸುವುದಂತೂ ಚಿಟಿಕೆ ಹೊಡೆಯುವಷ್ಟು ಸುಲಭ. ಬಯಾಸ್‌ನಲ್ಲಿ ಕಂಡದ್ದನ್ನು ನಂಬಿ. ಸೀರಿಯಲ್ ನಂಬರ್ ತಳದ ಸ್ಟಿಕ್ಕರ್‌ನಲ್ಲೂ ಬಯಾಸ್‌ನಲ್ಲೂ ಒಂದೇ ಇರಬೇಕು, ಬಿಲ್ಲು ಇದ್ದರೆ ಅದರಲ್ಲೂ. ತಯಾರಕರ ಜಾಲತಾಣದಲ್ಲಿ ಆ ನಂಬರ್ ಹಾಕಿದರೆ ವಾರಂಟಿ ಯಾವಾಗ ಮುಗಿಯಿತು ಅಥವಾ ಮುಗಿಯುತ್ತದೆ ಎಂದು ತಿಳಿಯುತ್ತದೆ. 'ಎರಡೇ ವರ್ಷ ಹಳೆಯದು' ಎಂಬ ಮಾತಿನ ಸತ್ಯ ಅಲ್ಲಿ ಹೊರಬೀಳುತ್ತದೆ.

ಆಮೇಲೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಲು ಬಿಡಿ, ಒಂದು ವಿಡಿಯೋ ಹಾಕಿಡಿ. ಕೆಲವು ದೋಷಗಳು ಬಿಸಿಯಾದ ಮೇಲೆಯೇ ಕಾಣಿಸಿಕೊಳ್ಳುತ್ತವೆ: ಪರದೆಯಲ್ಲಿ ಗೆರೆ ಮೂಡುವುದು, ಇದ್ದಕ್ಕಿದ್ದಂತೆ ಬಂದ್ ಆಗುವುದು, ಫ್ಯಾನ್ ಕೀರಲುವುದು. ಅದು ಓಡುತ್ತಿರುವಾಗಲೇ ನೋಟ್‌ಪ್ಯಾಡ್ ತೆರೆದು ಪ್ರತಿಯೊಂದು ಕೀಲಿಯನ್ನೂ ಒತ್ತಿ, ಎರಡೂ ಕಡೆಯ ಶಿಫ್ಟ್ ಸಹಿತ. ಪರದೆಯನ್ನು ಪೂರ್ತಿ ಬಿಳಿ, ಪೂರ್ತಿ ಕಪ್ಪು ಮಾಡಿ ಚುಕ್ಕೆಗಳಿವೆಯೇ ನೋಡಿ. ಪೆನ್‌ಡ್ರೈವನ್ನು ಎಲ್ಲ ಕಿಂಡಿಗಳಿಗೂ ಹಾಕಿ. ಕ್ಯಾಮೆರಾ, ಮೈಕ್, ಇಯರ್‌ಫೋನ್, ವೈ-ಫೈ ಎಲ್ಲವನ್ನೂ ಒಮ್ಮೆ ಪರೀಕ್ಷಿಸಿ. ಚಾರ್ಜರ್ ಮರಳಿ ಚುಚ್ಚಿ ಪಿನ್ ಅಲುಗಾಡಿಸಿ, ಚಾರ್ಜ್ ಬಿಟ್ಟು ಬಿಟ್ಟು ಬರುತ್ತಿದ್ದರೆ ಕಿಂಡಿ ಸಡಿಲವಾಗಿದೆ.

ಡಿಸ್ಕ್ ನೋಡಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಅದರಲ್ಲಿ 'ಪವರ್ ಆನ್ ಅವರ್ಸ್' ಎಂಬ ಸಾಲು ನನಗೆ ಇಷ್ಟ. ದಿನಕ್ಕೆ ಎಂಟು ತಾಸಿನಂತೆ ವರ್ಷಕ್ಕೆ 250 ದಿನ ದುಡಿದರೂ 2,000 ತಾಸು ಆಯಿತು. 'ಮನೆಯಲ್ಲಿ ಅಪರೂಪಕ್ಕೆ ಬಳಸಿದ್ದು' ಎಂದ ಲ್ಯಾಪ್‌ಟಾಪ್ 20,000 ತಾಸು ತೋರಿಸಿದರೆ ನೀವೇ ಲೆಕ್ಕ ಹಾಕಿ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಅವರ ಎದುರಿಗೇ ರೀಸೆಟ್ ಮಾಡಿಸಿ, ಹೊಸ ಯಂತ್ರದಂತೆ ಶುರುವಾಗಿ ವೈ-ಫೈಗೆ ಸೇರುವವರೆಗೆ ಕಾಯಿರಿ. ಇದಕ್ಕೆ ಅರ್ಧ ಗಂಟೆ ಸಾಲದು, ಮೊದಲೇ ಹೇಳಿ ಒಪ್ಪಿಸಿಕೊಳ್ಳಿ. ಏಕೆ ಎಂಬುದು ಮುಂದಿನ ಪತ್ರದಲ್ಲಿದೆ.

ಪ್ರಶ್ನೆ: ಆನ್‌ಲೈನ್ ಜಾಹೀರಾತು ನೋಡಿ ಒಂದು ಲ್ಯಾಪ್‌ಟಾಪ್ ಕೊಂಡೆ. ತುಂಬ ಚೆನ್ನಾಗಿತ್ತು. ನಿಧಾನವಾಯಿತೆಂದು ರೀಸೆಟ್ ಮಾಡಿದೆ. ಈಗ ವೈ-ಫೈಗೆ ಸೇರಿದ ಕೂಡಲೇ ಯಾವುದೋ ಸಂಸ್ಥೆಯ ಹೆಸರು ತೋರಿಸಿ ಅಲ್ಲಿನ ಉದ್ಯೋಗಿಯ ಖಾತೆ ಕೇಳುತ್ತಿದೆ. ಮಾರಿದವರು ಫೋನ್ ಎತ್ತುತ್ತಿಲ್ಲ. ನನ್ನ ಸ್ನೇಹಿತ 'ಇಂಟರ್‌ನೆಟ್ ಇಲ್ಲದೆ ಶುರುಮಾಡಿದರೆ ತಪ್ಪಿಸಿಕೊಳ್ಳಬಹುದು' ಎನ್ನುತ್ತಾನೆ. ಮಾಡಲೇ?

ಉತ್ತರ: ಬೇಡ. ದೊಡ್ಡ ಸಂಸ್ಥೆಗಳು ತಮ್ಮ ಲ್ಯಾಪ್‌ಟಾಪ್‌ಗಳನ್ನು ಮೈಕ್ರೋಸಾಫ್ಟ್‌ನ ಆಟೋಪೈಲಟ್‌ನಂಥ ವ್ಯವಸ್ಥೆಯಲ್ಲಿ ನೋಂದಾಯಿಸಿರುತ್ತವೆ. ಆ ನೋಂದಣಿ ಇರುವುದು ಡಿಸ್ಕಿನಲ್ಲಲ್ಲ, ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿ, ಯಂತ್ರದ ಹಾರ್ಡ್‌ವೇರ್ ಗುರುತಿನ ಜೊತೆಗೆ. ಹಾಗಾಗಿ ಡಿಸ್ಕ್ ಅಳಿಸಿದರೂ, ಬದಲಿಸಿದರೂ ಮತ್ತೆ ವಿಂಡೋಸ್ ಹಾಕಿ ಇಂಟರ್‌ನೆಟ್‌ಗೆ ಸೇರಿದ ಕೂಡಲೇ ಅದು ತನ್ನ ಧಣಿಯನ್ನು ಗುರುತಿಸುತ್ತದೆ. ಸ್ನೇಹಿತರು ಹೇಳಿದ ಉಪಾಯದಿಂದ ಇವತ್ತು ದಾಟಿಬಿಡಬಹುದು, ಆದರೆ ಮುಂದಿನ ರೀಸೆಟ್‌ಗೆ ಮತ್ತೆ ಇಲ್ಲಿಗೇ ಬಂದು ನಿಲ್ಲುತ್ತೀರಿ. ಅದಕ್ಕಿಂತ ದೊಡ್ಡ ಪ್ರಶ್ನೆ, ಅದು ಕದ್ದ ಮಾಲಾಗಿದ್ದರೆ? ಹಾಗೆಂದು ಗೊತ್ತಾದ ಮೇಲೂ ಇಟ್ಟುಕೊಂಡರೆ ನೀವೂ ಸಿಕ್ಕಿಹಾಕಿಕೊಳ್ಳುತ್ತೀರಿ.

ಕದ್ದದ್ದೇ ಎಂದು ನಾನು ಹೇಳುತ್ತಿಲ್ಲ. ಹಳೆಯ ಯಂತ್ರಗಳನ್ನು ಸಗಟಾಗಿ ವಿಲೇವಾರಿ ಮಾಡುವಾಗ ನೋಂದಣಿ ತೆಗೆಯಲು ಸಂಸ್ಥೆಯವರು ಮರೆಯುವುದು ಸಾಮಾನ್ಯ. ಪರದೆಯಲ್ಲಿ ಕಂಡ ಸಂಸ್ಥೆಯ ಐಟಿ ವಿಭಾಗಕ್ಕೆ ಸೀರಿಯಲ್ ನಂಬರ್ ಸಹಿತ ಬರೆಯಿರಿ, ಎಲ್ಲಿ ಹೇಗೆ ಕೊಂಡಿರಿ ಎಂದು ತಿಳಿಸಿ. ಅವರು ಮಾರಿದ್ದೇ ಆದರೆ ತಮ್ಮ ಕಡೆಯಿಂದ ನೋಂದಣಿ ತೆಗೆಯಬಲ್ಲರು, ಅದು ನಿಮ್ಮಿಂದ ಆಗುವ ಕೆಲಸವಲ್ಲ. ಕಳುವಾದದ್ದು ಎಂದರೆ ಪೊಲೀಸರಿಗೆ ಒಪ್ಪಿಸಬೇಕಾಗುತ್ತದೆ. ಹಣ ಹೋಯಿತೆಂದು ಹೊಟ್ಟೆ ಉರಿಯುತ್ತದೆ, ನಿಜ. ಹಣ ಕೊಟ್ಟದ್ದರ ದಾಖಲೆ, ಜಾಹೀರಾತಿನ ಸ್ಕ್ರೀನ್‌ಶಾಟ್, ಚಾಟ್ ಯಾವುದನ್ನೂ ಅಳಿಸಬೇಡಿ. ಜಾಹೀರಾತು ತಾಣಕ್ಕೂ ಇವತ್ತೇ ದೂರು ಕೊಡಿ.

ಇದೇ ಜಾತಿಯ ಇನ್ನೊಂದನ್ನು ಉಳಿದ ಓದುಗರು ಗಮನಿಸಿ: ಬಯಾಸ್‌ನಲ್ಲಿ 'ಕಂಪ್ಯೂಟ್ರೇಸ್' ಅಥವಾ 'ಆ್ಯಬ್ಸಲ್ಯೂಟ್' ಎಂಬ ಸಾಲು 'ಆ್ಯಕ್ಟಿವೇಟೆಡ್' ಎಂದಿದ್ದರೆ, ಹಿಂದಿನ ಒಡೆಯರು ಆ ಯಂತ್ರವನ್ನು ದೂರದಿಂದ ಪತ್ತೆಹಚ್ಚುವ, ಕೆಲವೊಮ್ಮೆ ಬೀಗ ಹಾಕುವ ವ್ಯವಸ್ಥೆ ಇನ್ನೂ ಜೀವಂತವಾಗಿದೆ. ಅದೂ ಡಿಸ್ಕ್ ಬದಲಿಸಿದರೆ ಹೋಗುವಂಥದ್ದಲ್ಲ.

ಪ್ರಶ್ನೆ: ಆ್ಯಪಲ್ ಮ್ಯಾಕ್‌ಬುಕ್ ತೀರಾ ಅಗ್ಗಕ್ಕೆ ಬಂದಿದೆ, 'ಲಾಕ್ ಇದೆ, ಯಾವ ಅಂಗಡಿಯಲ್ಲಾದರೂ ತೆಗೆದುಕೊಡುತ್ತಾರೆ' ಎಂದು ಬರೆದಿದ್ದಾರೆ.

ಉತ್ತರ: ತೆಗೆದುಕೊಡುವುದಿಲ್ಲ. ಟಿ2 ಎಂಬ ಭದ್ರತಾ ಚಿಪ್ ಇರುವ ಅಥವಾ ಆ್ಯಪಲ್‌ನ ಸ್ವಂತ ಎಂ ಸರಣಿಯ ಚಿಪ್ ಇರುವ ಮ್ಯಾಕ್‌ಗಳಲ್ಲಿ ಆ್ಯಕ್ಟಿವೇಷನ್ ಲಾಕ್ ಹಿಂದಿನವರ ಖಾತೆಗೆ ಅಂಟಿಕೊಂಡಿರುತ್ತದೆ. ಅವರೇ ಸೈನ್ ಔಟ್ ಆಗಬೇಕು, ಇಲ್ಲವೇ ಕೊಂಡ ಬಿಲ್ಲು ತೋರಿಸಿ ಆ್ಯಪಲ್‌ನಿಂದ ಬಿಡಿಸಬೇಕು. ಬಿಲ್ಲಿದ್ದ ಮನುಷ್ಯ ಅದನ್ನು ಬಿಡಿಸಿಯೇ ಮೂರು ಪಟ್ಟು ಬೆಲೆಗೆ ಮಾರುತ್ತಿದ್ದ. ಲಾಕ್ ಇಲ್ಲದ ಮ್ಯಾಕ್ ನೋಡುವಾಗ 'ಸಿಸ್ಟಮ್ ಇನ್ಫರ್ಮೇಷನ್' ತೆರೆದರೆ ಆ್ಯಕ್ಟಿವೇಷನ್ ಲಾಕ್ ಸ್ಥಿತಿ ಹಾರ್ಡ್‌ವೇರ್ ಪುಟದಲ್ಲೂ, ಬ್ಯಾಟರಿಯ ಸೈಕಲ್ ಲೆಕ್ಕ ಪವರ್ ಪುಟದಲ್ಲೂ ಸಿಗುತ್ತದೆ. ಈಚಿನ ಮ್ಯಾಕ್‌ಬುಕ್‌ಗಳ ಬ್ಯಾಟರಿಗೆ ಆ್ಯಪಲ್ ಹೇಳುವ ಮಿತಿ 1,000 ಸೈಕಲ್. ಇಂಟೆಲ್ ಚಿಪ್‌ನ ಮ್ಯಾಕ್ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವ ಮೊದಲು ಇದೂ ತಿಳಿದಿರಲಿ: 2025ರಲ್ಲಿ ಬಂದ, ಮ್ಯಾಕ್‌ನ ಕಾರ್ಯಾಚರಣಾ ತಂತ್ರಾಂಶದ ಟಾಹೋ ಆವೃತ್ತಿಯೇ ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯದೆಂದು ಆ್ಯಪಲ್ ಹೇಳಿದೆ, ಅದೂ ಎಲ್ಲ ಇಂಟೆಲ್ ಮ್ಯಾಕ್‌ಗಳಿಗೆ ಬರುವುದಿಲ್ಲ.

ಪ್ರಶ್ನೆ: 'ರೀಫರ್ಬಿಷ್ಡ್', 'ಎ ಗ್ರೇಡ್' ಎಂದು ಬರೆದಿದ್ದರೆ ಸಾಮಾನ್ಯ ಹಳೆಯದಕ್ಕಿಂತ ಹೆಚ್ಚು ನಂಬಬಹುದೇ?

ಉತ್ತರ: ಆ ಪದಗಳನ್ನಲ್ಲ, ಅವುಗಳ ಹಿಂದಿರುವ ವಾರಂಟಿಯನ್ನು ನಂಬಬಹುದು. ಎ, ಬಿ, ಸಿ ಎಂಬ ದರ್ಜೆಗೆ ಎಲ್ಲರೂ ಒಪ್ಪಿದ ಅಳತೆಯಿಲ್ಲ, ಒಬ್ಬೊಬ್ಬರದು ಒಂದೊಂದು. ಬಹುಪಾಲು ಅದು ಮೈಮೇಲಿನ ಗೀರುಗಳ ಲೆಕ್ಕ, ಒಳಗಿನ ಆರೋಗ್ಯದ್ದಲ್ಲ. ತಯಾರಕರೇ ಸರಿಪಡಿಸಿ ವಾರಂಟಿ ಕೊಟ್ಟು ಮಾರುವುದು ಒಂದು, ಯಾರೋ ಒರೆಸಿ ಹೊಳಪು ಕೊಟ್ಟು ಅದೇ ಹೆಸರಿನಲ್ಲಿ ಮಾರುವುದು ಇನ್ನೊಂದು. ಎಷ್ಟು ತಿಂಗಳ ವಾರಂಟಿ, ಬರಹದಲ್ಲಿದೆಯೇ, ಬ್ಯಾಟರಿ ಅದರೊಳಗೆ ಸೇರಿದೆಯೇ, ಕೆಟ್ಟರೆ ಎಲ್ಲಿಗೆ ಒಯ್ಯಬೇಕು ಎಂದು ಕೇಳಿ.

ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೆಯ ಕಾರುಗಳನ್ನು ಉದಾಹರಣೆಯಾಗಿಟ್ಟುಕೊಂಡು ಇದನ್ನೇ ಬಿಡಿಸಿ ಹೇಳಿದರು. ವಸ್ತುವಿನ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಕೊಳ್ಳುವವನು ಅಂಜಿ ಎಲ್ಲದಕ್ಕೂ ಕಡಿಮೆ ಬೆಲೆ ಕಟ್ಟುತ್ತಾನೆ, ಆ ಬೆಲೆಗೆ ಒಳ್ಳೆಯ ವಸ್ತುವಿನ ಒಡೆಯ ಮಾರಲು ಬರುವುದಿಲ್ಲ, ಕೊನೆಗೆ ಕೆಟ್ಟವೇ ಉಳಿಯುತ್ತವೆ. ಅದಕ್ಕೇ ಜಾಹೀರಾತುಗಳಲ್ಲಿ ಎಲ್ಲಕ್ಕಿಂತ ಅಗ್ಗದ್ದರ ಬದಲು, ಅದೇ ಮಾಡೆಲಿನ ಹತ್ತಾರು ಬೆಲೆಗಳ ನಡುವಿನದನ್ನು ನಾನು ಹುಡುಕುತ್ತೇನೆ. ಈ ತರ್ಕಕ್ಕೆ 2001ರಲ್ಲಿ ಇನ್ನಿಬ್ಬರ ಜೊತೆ ಅವರಿಗೆ ನೊಬೆಲ್ ಬಂತು. ದುರಸ್ತಿ ಅಂಗಡಿಯಲ್ಲಿ ಒಂದು ವಾರ ಕೂತವರಿಗೂ ಅದು ತಿಳಿಯುತ್ತದೆ, ಆದರೆ ನಮಗೆ ಯಾರೂ ಪದಕ ಕೊಡುವುದಿಲ್ಲ.

ನನ್ನ ಆಯ್ಕೆ ಕೇಳಿದರೆ, ಕಚೇರಿಗಳಲ್ಲಿ ಮೂರು ನಾಲ್ಕು ವರ್ಷ ದುಡಿದು ಹೊರಬರುವ ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೀಟ್‌ಬುಕ್ ಸಾಲಿನವು. ನೋಡಲು ಚೆಂದವಿಲ್ಲ. ಆದರೆ ಬಿಡಿಭಾಗ ಸಿಗುತ್ತದೆ, ಬಿಚ್ಚುವ ವಿಧಾನದ ಕೈಪಿಡಿಯನ್ನು ತಯಾರಕರೇ ಬಹಿರಂಗವಾಗಿ ಇಟ್ಟಿರುತ್ತಾರೆ. ತೆಳ್ಳಗಿನ ಮಾಡೆಲ್‌ಗಳಲ್ಲಿ ರ್‍ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, 8 ಜಿಬಿ ಇದ್ದದ್ದು ಕೊನೆಯವರೆಗೂ 8 ಜಿಬಿಯೇ. ಇದನ್ನು ಮಾತ್ರ ಮೊದಲೇ ವಿಚಾರಿಸಿಕೊಳ್ಳಿ.

ಪ್ರಶ್ನೆ: ಹಳೆಯ ಲ್ಯಾಪ್‌ಟಾಪ್ ಕೊಂಡು ತಿಂಗಳಾಯಿತು. ಟಚ್‌ಪ್ಯಾಡ್ ಒತ್ತಿದರೆ ಈಗ ಕ್ಲಿಕ್ ಆಗುತ್ತಿಲ್ಲ, ಸ್ವಲ್ಪ ಉಬ್ಬಿದ ಹಾಗೆ ಕಾಣುತ್ತದೆ.

ಉತ್ತರ: ಈಗಲೇ ಬಂದ್ ಮಾಡಿ, ಚಾರ್ಜಿಗೆ ಹಾಕಬೇಡಿ. ಟಚ್‌ಪ್ಯಾಡ್ ಕೆಳಗಿರುವ ಬ್ಯಾಟರಿ ಉಬ್ಬಿರಬಹುದು. ಲಿಥಿಯಂ ಬ್ಯಾಟರಿ ಹಾಳಾದಾಗ ಒಳಗೆ ಅನಿಲ ಸೇರಿ ಹೀಗಾಗುತ್ತದೆ. ಒತ್ತುವುದು, ಚುಚ್ಚುವುದು ಮಾಡಿದರೆ ಬೆಂಕಿ ಹತ್ತೀತು. ಬಲ್ಲವರ ಕೈಯಲ್ಲಿ ತೆಗೆಸಿ, ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಹೊಸ ಬ್ಯಾಟರಿ ಹಾಕಿದರೆ ಯಂತ್ರ ಸಾಮಾನ್ಯವಾಗಿ ಎಂದಿನಂತೆ ಓಡುತ್ತದೆ.

ಪ್ರಶ್ನೆ: ಎಲ್ಲ ಪರೀಕ್ಷೆ ಮುಗಿಸಿ ಕೊಂಡಾಯಿತು. ಮೊದಲು ಏನು ಮಾಡಲಿ? ವಿಂಡೋಸ್ ಅಸಲಿಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಹಿಂದಿನವರು ಹಾಕಿಕೊಟ್ಟ ವಿಂಡೋಸ್‌ನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಹಾಕಬೇಡಿ. ಅವರು ದೇವರಂಥವರೇ ಇರಲಿ, ಅವರ ಮಗ ಏನೇನು ಇಳಿಸಿಕೊಂಡಿದ್ದನೋ. ಮೈಕ್ರೋಸಾಫ್ಟ್‌ನ ತಾಣದಿಂದಲೇ ವಿಂಡೋಸ್ ಇಳಿಸಿ, ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ಹಾಕಿ. ವಿಂಡೋಸ್ ಸಹಿತ ಮಾರಾಟವಾದ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ 8ರ ಕಾಲದಿಂದ ಈಚೆಗೆ ಪರವಾನಗಿಯ ಕೀಲಿ ಮದರ್‌ಬೋರ್ಡಿನಲ್ಲೇ ಇರುತ್ತದೆ, ಇಂಟರ್‌ನೆಟ್‌ಗೆ ಸೇರಿದರೆ ತಾನೇ ಸಕ್ರಿಯವಾಗುತ್ತದೆ. ಸೆಟ್ಟಿಂಗ್ಸ್‌ನ ಆ್ಯಕ್ಟಿವೇಷನ್ ಪುಟದಲ್ಲಿ 'ನಿಮ್ಮ ಸಂಸ್ಥೆಯ ಆ್ಯಕ್ಟಿವೇಷನ್ ಸೇವೆಯಿಂದ ಸಕ್ರಿಯವಾಗಿದೆ' ಎಂಬರ್ಥದ ಸಾಲು ಕಂಡರೆ, ನಿಮಗೆ ಸಂಸ್ಥೆಯೇ ಇಲ್ಲದಿರುವಾಗ, ಅದು ಯಾರದೋ ಪರವಾನಗಿ ಅಥವಾ ಕಳ್ಳದಾರಿಯದು.

ಪ್ರಶ್ನೆ: ನಾನು ಕೊಳ್ಳುವವನಲ್ಲ, ಮಾರುವವನು. ಪ್ರಾಮಾಣಿಕ ಬೆಲೆಯನ್ನೇ ಹಾಕಿದ್ದೇನೆ. ಆದರೂ ಬಂದವರೆಲ್ಲ ನನ್ನನ್ನು ಕಳ್ಳನಂತೆ ನೋಡುತ್ತಾರೆ. ಏನು ಮಾಡಲಿ?

ಉತ್ತರ: ಈ ಪತ್ರ ಬಂದದ್ದಕ್ಕೆ ಸಂತೋಷವಾಯಿತು. ಮೇಲಿನದನ್ನೆಲ್ಲ ಓದಿದ ಗಿರಾಕಿ ನಿಮ್ಮಲ್ಲಿಗೇ ಬರುತ್ತಾನೆಂದು ಭಾವಿಸಿ ಜಾಹೀರಾತು ಬರೆಯಿರಿ. 'ಹೊಸದರಂತಿದೆ' ಎಂಬುದನ್ನು ತೆಗೆದುಹಾಕಿ, ಪ್ರೊಸೆಸರಿನ ಪೂರ್ತಿ ಸಂಖ್ಯೆ ಹಾಕಿ. ಗೀರು ಬಿದ್ದ ಮೂಲೆಯ ಫೋಟೋವನ್ನು ಹತ್ತಿರದಿಂದ ತೆಗೆದು ಎರಡನೆಯದಾಗಿ ಹಾಕಿ, ಬ್ಯಾಟರಿ ವರದಿಯನ್ನು ಮೂರನೆಯದಾಗಿ. ಸೀರಿಯಲ್ ನಂಬರ್ ಮಾತ್ರ ಜಾಹೀರಾತಿನಲ್ಲಿ ಬೇಡ, ಬೇರೆಯವರು ದುರುಪಯೋಗ ಮಾಡಿಕೊಂಡಾರು. ನೋಡಲು ಬಂದವರಿಗೆ ತೋರಿಸಿ. 'ಎದುರಿಗೇ ರೀಸೆಟ್ ಮಾಡಿಕೊಡುತ್ತೇನೆ' ಎಂದು ಒಂದು ಸಾಲು ಸೇರಿಸಿ. ಅದಕ್ಕೆ ಮೊದಲು ನಿಮ್ಮ ಫೈಲುಗಳನ್ನು ಬೇರೆಡೆ ಉಳಿಸಿಕೊಂಡು, ಬ್ರೌಸರ್ ಮತ್ತು ಮೇಲ್ ಖಾತೆಗಳಿಂದ ಹೊರಬಂದು, ಬಯಾಸ್ ಪಾಸ್‌ವರ್ಡ್ ಇಟ್ಟಿದ್ದರೆ ತೆಗೆದು, ಮೈಕ್ರೋಸಾಫ್ಟ್ ಖಾತೆಯ ಸಾಧನಗಳ ಪಟ್ಟಿಯಿಂದ ಈ ಯಂತ್ರವನ್ನು ಅಳಿಸಿ. ರೀಸೆಟ್ ಮಾಡುವಾಗ ಫೈಲುಗಳನ್ನು ತೆಗೆಯುವುದಷ್ಟೇ ಅಲ್ಲದೆ 'ಕ್ಲೀನ್ ಡೇಟಾ' ಎಂಬ ಆಯ್ಕೆಯನ್ನೂ ಆನ್ ಮಾಡಿ. ಆಗ ಹೆಚ್ಚು ಹೊತ್ತು ಹಿಡಿಯುತ್ತದೆ, ಗಿರಾಕಿಗೆ ಕೂರಲು ಒಂದು ಕುರ್ಚಿ ಹಾಕಿಡಿ.